ಫೈಬರ್ ದೋಣಿಯ ಅಡಿ ರಿಪೇರಿ: ಮನೆಯಂಗಳದಲ್ಲೇ ಮಾಡಬಹುದಾ?

ಕಳೆದ ಸಲ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಬಗ್ಗೆ ಬರೆದಿದ್ದೆ. ಆದರೆ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಎಂಜಿನ್ ಬಿಟ್ಟು ದೋಣಿಯ ಅಡಿಯ ಬಗ್ಗೆಯೇ ಕೇಳಿವೆ. ಕಾರಣ ಗೊತ್ತೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಸಣ್ಣ ದೋಣಿಯವರೂ ಕಡಲು ಎದ್ದಿರುವ ದಿನಗಳಲ್ಲಿ ದೋಣಿಯನ್ನು ಮೇಲೆಳೆದು ಮಗುಚಿ ಹಾಕಿರುತ್ತಾರೆ, ಆಗಲೇ ಅಡಿಯ ಗಾಯಗಳೆಲ್ಲ ಕಣ್ಣಿಗೆ ಬೀಳುವುದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮದು 20 ಅಡಿಯ ಫೈಬರ್ ದೋಣಿ, ಅಪ್ಪಯ್ಯನ ಕಾಲದ್ದು. ಅಳಿವೆ ಹತ್ತಿರ ಬಂಡೆಗೆ ತಾಗಿ ಮುಂದಿನ ಭಾಗದ ಅಡಿಯಲ್ಲಿ ಅಂಗೈ ಅಗಲ ಒಡೆದಿದೆ. ಎಂ-ಸೀಲ್ ಮೆತ್ತಿದೆ. ಸ್ವಲ್ಪ ದಿನ ನಿಂತಿತು, ಆಮೇಲೆ ಮತ್ತೆ ನೀರು. ಕೆಲಸದವರಿಗೆ ಈಗ ಪುರುಸೊತ್ತಿಲ್ಲವಂತೆ. ನಾನೇ ಮಾಡಬಹುದಾ ಅಣ್ಣ? ಏನೇನು ತರಬೇಕು?
— ಗಂಗೊಳ್ಳಿಯ ಓದುಗರು

ಉತ್ತರ: ಮಾಡಬಹುದು. ಅಂಗೈ ಅಗಲದ ಗಾಯ ಮನೆಯಲ್ಲಿ ಧಾರಾಳವಾಗಿ ಆಗುವ ಕೆಲಸ. ಎಂ-ಸೀಲ್‌ನ ಮೇಲೆ ಸಿಟ್ಟಾಗಬೇಡಿ, ಅದು ದಡ ಮುಟ್ಟಿಸುವುದಕ್ಕೆ ಇರುವಂಥದ್ದು. ಅಲೆಗೆ ದೋಣಿಯ ಅಡಿ ಬಾಗುತ್ತಾ ಇರುತ್ತದೆ, ಗಟ್ಟಿಯಾದ ಆ ಮುದ್ದೆ ಜೊತೆಗೆ ಬಾಗುವುದಿಲ್ಲ, ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಒಳಗೆ ಗ್ಲಾಸಿನ ಎಳೆಗಳು ತುಂಡಾಗಿವೆ, ಆ ಜಾಗದಲ್ಲಿ ಮತ್ತೆ ಎಳೆ ಕೂರಿಸಿದರೆ ಮಾತ್ರ ಬಲ ಬರುವುದು.

ಮೊದಲು ಗಾಯ ನಿಜವಾಗಿ ಎಷ್ಟು ದೊಡ್ಡದು ಅಂತ ನೋಡಿ. ಹೊರಗೆ ಅಂಗೈ ಅಗಲ ಕಂಡರೆ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ, ಏಕೆಂದರೆ ಪೆಟ್ಟು ಬಿದ್ದಾಗ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಸಣ್ಣ ಸುತ್ತಿಗೆಯ ಹಿಡಿಯಲ್ಲೋ ದಪ್ಪ ನಾಣ್ಯದಲ್ಲೋ ತಟ್ಟುತ್ತಾ ಹೋಗಿ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಟಣ್ ಅಂದರೆ ಸರಿ ಇದೆ, ಬೊದ್ದು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಬಣ್ಣ ಬಳಿಯದ ದೋಣಿಯಾದರೆ ಇನ್ನೂ ಸುಲಭ. ಕತ್ತಲಾದ ಮೇಲೆ ಒಳಗೊಂದು ಬಲ್ಬ್ ಉರಿಸಿಟ್ಟು ಹೊರಗಿನಿಂದ ನೋಡಿ, ಪೆಟ್ಟು ತಿಂದ ಜಾಗ ಬೇರೆಯದೇ ಬಣ್ಣದಲ್ಲಿ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಪೆನ್ಸಿಲ್‌ನಲ್ಲಿ ಅದರ ಸುತ್ತ ಗೆರೆ ಹಾಕಿ. ಆ ಗೆರೆಯೊಳಗಿನದೆಲ್ಲ ಹೋಗಬೇಕು.

ಆಮೇಲೆ ತೊಳೆಯುವುದು, ಒಣಗಿಸುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಮನೆಯಲ್ಲಿ ಮಾಡಿದ ರಿಪೇರಿ ಹೆಚ್ಚಾಗಿ ಕೆಡುವುದು ಇಲ್ಲೇ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಡೆದ ಜಾಗದಲ್ಲಿ ಉಪ್ಪು ಉಳಿದಿದ್ದರೆ ಎಷ್ಟು ಬಿಸಿಲಿಗಿಟ್ಟರೂ ರಾತ್ರಿ ಮತ್ತೆ ಒದ್ದೆ. ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಮರುದಿನ ಇನ್ನೊಮ್ಮೆ, ಅದರ ಮರುದಿನ ಇನ್ನೊಮ್ಮೆ. ಬಳಿಕ ಒಣಗಲು ಬಿಡಿ. ಒಣಗಿತಾ ಅಂತ ತಿಳಿಯಲು ಒಂದು ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ಆ ಜಾಗದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗಡೆ ಬೆವರಿದ ಹಾಗೆ ಹನಿ ಕಂಡರೆ ಇನ್ನೂ ಕಾಯಬೇಕು. ಜುಲೈನ ಮಳೆಯಲ್ಲಿ ಇದು ಆಗುವ ಮಾತಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಚಪ್ಪರದ ಕೆಳಗೆ ದೋಣಿ ಮಗುಚಿ, ಸುತ್ತ ಟಾರ್ಪಾಲ್ ಕಟ್ಟಿ, ಒಳಗೆ ಹಳೇ ಕಾಲದ 100 ವ್ಯಾಟಿನ ಬಲ್ಬೋ ಫ್ಯಾನೋ ಇಡಲು ಸಾಧ್ಯವಿದ್ದರೆ ಪ್ರಯತ್ನ ಮಾಡಬಹುದು. ಇಲ್ಲದಿದ್ದರೆ ಈಗ ಉಜ್ಜುವ ಕೆಲಸ ಮುಗಿಸಿಕೊಂಡು, ಮಳೆ ಬಿಟ್ಟು ನಾಲ್ಕೈದು ದಿನ ಬಿಸಿಲು ಬಂದಾಗ ರೆಸಿನ್ (ಗ್ಲಾಸಿನ ಎಳೆಗಳನ್ನು ಅಂಟಿಸಿ ಗಟ್ಟಿಯಾಗುವ ದ್ರವ) ಕೆಲಸಕ್ಕೆ ಕೈ ಹಾಕಿ.

ದೋಣಿ ಮಗುಚುವಾಗ ಅಂಚಿಗೆ ಹಳೇ ಟಯರ್ ಕೊಡಿ, ನಾಲ್ಕು ಜನ ಇರಲಿ. ಒಬ್ಬರೇ ಹಗ್ಗ ಹಾಕಿ ಎಳೆದು ಮಗುಚಲು ಹೋಗಿ ಸೊಂಟ ಹಿಡಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇನ್ನು ಉಜ್ಜುವುದು. ಗ್ರೈಂಡರ್ ಹಿಡಿಯುವ ಮೊದಲು ಬಟ್ಟೆಗೆ ಅಸಿಟೋನ್ ಹಾಕಿ ಸುತ್ತಲಿನ ಜಾಗವನ್ನೆಲ್ಲ ಒರೆಸಿ. ಮೊದಲೇ ಒರೆಸಬೇಕು. ಅಚ್ಚಿನಿಂದ ಬಿಡಿಸುವಾಗಿನ ಮೇಣ, ಡೀಸೆಲ್, ಮೀನಿನ ಎಣ್ಣೆ ಎಲ್ಲ ಅಲ್ಲಿರುತ್ತದೆ, ಒರೆಸದೆ ಉಜ್ಜಿದರೆ ಅದನ್ನೇ ಗೀರುಗಳೊಳಗೆ ತಿಕ್ಕಿದ ಹಾಗಾಗುತ್ತದೆ. ಆಮೇಲೆ ಒಡೆದ, ಪದರ ಬಿಟ್ಟ ಭಾಗವನ್ನು ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಮೂಲೆಗಳು ಬೇಡ, ದುಂಡಗಿರಲಿ. ಈಗ ತೂತಿನ ಸುತ್ತ ಇಳಿಜಾರು ಮಾಡಬೇಕು. ಲೆಕ್ಕ ಹೀಗೆ: ಅಡಿ ಎಷ್ಟು ದಪ್ಪವೋ ಅದರ 12 ಪಟ್ಟು ದೂರದಿಂದ ಇಳಿಜಾರು ಶುರುವಾಗಬೇಕು. 6 ಮಿ.ಮೀ. ದಪ್ಪವಿದ್ದರೆ ಸುತ್ತಲೂ 7 ಸೆಂ.ಮೀ. ಚಿಲ್ಲರೆ. 10 ಸೆಂ.ಮೀ. ತೂತಿಗೆ 24 ಸೆಂ.ಮೀ. ಅಗಲದ ತಟ್ಟೆಯಷ್ಟು ಜಾಗ ಉಜ್ಜಬೇಕು ಅಂದಾಗ ಜನ ಗಾಬರಿಯಾಗುತ್ತಾರೆ, ಇರುವ ಒಳ್ಳೆ ಜಾಗವನ್ನೂ ಯಾಕೆ ಹಾಳು ಮಾಡುವುದು ಅಂತ. ಹಳೇ ಫೈಬರ್‌ಗೂ ಹೊಸತಕ್ಕೂ ರಾಸಾಯನಿಕ ಸಂಬಂಧ ಅಷ್ಟಾಗಿ ಕೂಡುವುದಿಲ್ಲ. ಒರಟಾದ ಅಗಲ ಜಾಗದಲ್ಲಿ ಹಿಡಿದುಕೊಳ್ಳುವುದರಿಂದಲೇ ಹೊಸ ಪದರ ನಿಲ್ಲುವುದು. ಅದಕ್ಕೇ 36 ಅಥವಾ 40 ನಂಬರಿನ ಒರಟು ಡಿಸ್ಕ್ ಬಳಸಿ, ನುಣ್ಣಗೆ ಮಾಡಲು ಹೋಗಬೇಡಿ. ಹೊರಗಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಪೂರ್ತಿ ಹೋಗಿ ಗ್ಲಾಸ್ ಕಾಣಬೇಕು.

ಸಾಮಾನಿನ ಲೆಕ್ಕ ಹೇಳುತ್ತೇನೆ. ನಿಮ್ಮ ಗಾಯಕ್ಕೆ ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್ ಧಾರಾಳ, ಐಸೋ ರೆಸಿನ್ ಸಿಕ್ಕಿದರೆ ಅದೇ ತನ್ನಿ, ನೀರಿಗೆ ಅದು ಮೇಲು. 450 ಗ್ರಾಮಿನ (ಚದರ ಮೀಟರಿಗೆ ಅಷ್ಟು ತೂಗುವ) ಚಾಪ್ಡ್ ಮ್ಯಾಟ್, ಅಂದರೆ ತುಂಡು ಗ್ಲಾಸ್ ಎಳೆಗಳ ಹಾಸು, ಒಂದು ಮೀಟರ್. ಈ ಮ್ಯಾಟ್‌ನ ಒಂದು ಪದರ ಗಟ್ಟಿಯಾದಾಗ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ, ಹಾಗಾಗಿ 6 ಮಿ.ಮೀ.ಗೆ ಆರು ಪದರ. ಗೀರುಗಳಿರುವ ಲೋಹದ ರೋಲರ್, ಎರಡು ಅಗ್ಗದ ಬ್ರಷ್, ಅಸಿಟೋನ್, ಕೈಗವಸು, ಕನ್ನಡಕ, ಮಾಸ್ಕ್. ಮತ್ತೆ ಮೆಡಿಕಲ್ ಶಾಪ್‌ನಿಂದ ಸೂಜಿ ಇಲ್ಲದ ಒಂದು ಸಿರಿಂಜ್, ಹಾರ್ಡ್ನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಅಳೆಯಲು. ಇದು 100 ಗ್ರಾಂ ರೆಸಿನ್‌ಗೆ 1ರಿಂದ 2 ಮಿ.ಲೀ. ಸಾಕು. ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವ ಅಭ್ಯಾಸ ಬೇಡ. 1ಕ್ಕಿಂತ ಕಡಿಮೆಯಾದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಜಾಸ್ತಿ ಹಾಕಿದರೆ ಕುದಿದು ಬಿರುಕು ಬಿಡುತ್ತದೆ.

ಒಂದು ಎಚ್ಚರಿಕೆ. ಕೆಲವು ಅಂಗಡಿಗಳಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ, ಒಂದು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂಥ ಹಾರ್ಡ್ನರ್. ಇವೆರಡನ್ನು ಯಾವತ್ತೂ ನೇರವಾಗಿ ಬೆರೆಸಬಾರದು. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡ್ನರ್. ಒಂದೇ ಅಳತೆ ಪಾತ್ರೆ, ಒಂದೇ ಸಿರಿಂಜ್ ಎರಡಕ್ಕೂ ಬಳಸಬಾರದು. ಇನ್ನೂ ಒಳ್ಳೆಯದೆಂದರೆ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತನ್ನಿ, ಆ ತಲೆಬಿಸಿಯೇ ಬೇಡ.

ಒಳಗಿನಿಂದ ತೂತಿಗೆ ಒಂದು ಅಡ್ಡ ಕೊಡಬೇಕು. ತೆಳು ತಗಡು ಅಥವಾ ಸನ್‌ಮೈಕಾ ತುಂಡಿಗೆ ಪ್ಲಾಸ್ಟಿಕ್ ಶೀಟ್ ಸುತ್ತಿ, ದೋಣಿಯ ಬಾಗಿಗೆ ಸರಿಯಾಗಿ ಒತ್ತಿ ನಿಲ್ಲಿಸಿ. ಎರಡು ತಳದ ದೋಣಿಯಾಗಿ ಒಳಗಡೆ ಕೈ ಹೋಗದಿದ್ದರೆ ಒಂದು ಉಪಾಯವಿದೆ. ತೂತನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಅದಕ್ಕಿಂತ ಸ್ವಲ್ಪ ದೊಡ್ಡದಾದ ತೆಳು ಫೈಬರ್ ತುಂಡಿಗೆ ನಡುವೆ ತಂತಿ ಪೋಣಿಸಿ, ಅಂಚಿಗೆ ರೆಸಿನ್ ಹಚ್ಚಿ, ಅಡ್ಡಲಾಗಿ ಒಳಗೆ ತೂರಿಸಿ, ಹೊರಗಿನಿಂದ ತಂತಿ ಎಳೆದು ಕಟ್ಟಿ. ಗಟ್ಟಿಯಾದ ಮೇಲೆ ತಂತಿ ಕತ್ತರಿಸಿ. ಆ ತುಂಡು ಒಳಗೇ ಉಳಿಯುತ್ತದೆ.

ಮ್ಯಾಟ್‌ನಿಂದ ಆರು ವೃತ್ತ ಕತ್ತರಿಸಿ, ದೊಡ್ಡದರಿಂದ ಸಣ್ಣದಕ್ಕೆ. ಯಾವುದು ಮೊದಲು ಅನ್ನುವುದರಲ್ಲಿ ಕೆಲಸದವರಲ್ಲೇ ಎರಡು ಪಂಗಡ. ನನ್ನ ಓಟು ದೊಡ್ಡದು ಮೊದಲು ಅನ್ನುವವರಿಗೆ. ಇಳಿಜಾರಿನ ಪೂರ್ತಿ ಜಾಗಕ್ಕೆ ಒಂದೇ ತುಂಡು ಅಂಟಿಕೊಂಡಿರುತ್ತದೆ, ಕೊನೆಗೆ ಮಟ್ಟ ಮಾಡಲು ಉಜ್ಜುವಾಗ ಅದು ಹೋಗುವುದಿಲ್ಲ. ಸಣ್ಣದನ್ನು ಮೊದಲು ಹಾಕಿದರೆ ಎಲ್ಲಕ್ಕಿಂತ ಮುಖ್ಯವಾದ ದೊಡ್ಡ ತುಂಡು ಮೇಲೆ ಬಂದು, ಗ್ರೈಂಡರ್‌ನ ಬಾಯಿಗೆ ಮೊದಲು ಬೀಳುವುದು ಅದೇ.

ರೆಸಿನ್ 200 ಗ್ರಾಮಿಗಿಂತ ಜಾಸ್ತಿ ಒಮ್ಮೆಗೆ ಕಲಸಬೇಡಿ. ನಮ್ಮ ಕರಾವಳಿಯ ಸೆಖೆಯಲ್ಲಿ ಹತ್ತು-ಹದಿನೈದು ನಿಮಿಷಕ್ಕೇ ಅದು ಗಂಜಿ ಕಟ್ಟಲು ಶುರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಮಾಡಿ. ಮೊದಲು ಉಜ್ಜಿದ ಜಾಗಕ್ಕೆ ರೆಸಿನ್ ಬಳಿಯಿರಿ, ಮೇಲೆ ಮ್ಯಾಟ್ ಇಡಿ, ಬ್ರಷ್‌ನಿಂದ ಎಳೆಯದೆ ಕುಟ್ಟಿ ಕುಟ್ಟಿ ರೆಸಿನ್ ಕುಡಿಸಿ. ಎಳೆದರೆ ಮ್ಯಾಟ್ ಕಿತ್ತು ಬರುತ್ತದೆ. ಬಿಳಿ ಹೋಗಿ ಪಾರದರ್ಶಕವಾಗಬೇಕು. ರೋಲರ್ ಓಡಿಸಿ ಗಾಳಿಗುಳ್ಳೆ ಹೊರಗೆ ಕಳಿಸಿ. ತೂಕದಲ್ಲಿ ಮ್ಯಾಟ್‌ನ ಎರಡರಿಂದ ಎರಡೂವರೆ ಪಟ್ಟು ರೆಸಿನ್, ಅಷ್ಟೇ. ಜಾಸ್ತಿ ಸುರಿದರೆ ಗಟ್ಟಿ ಅಂತ ಕೆಲವರಿಗೆ ನಂಬಿಕೆ, ಎಳೆ ಕಡಿಮೆಯಾಗಿ ಬರೀ ರೆಸಿನ್ ಆದರೆ ಅದು ಗಾಜಿನಂತೆ ಒಡೆಯುತ್ತದೆ. ಮೂರು ಪದರ ಹಾಕಿ ನಿಲ್ಲಿಸಿ. ಬಿಸಿಯಾಗುತ್ತದೆ, ತಣಿಯಲಿ. ಉಳಿದ ಮೂರನ್ನು ಅದೇ ದಿನ ಸಂಜೆಯೋ ಮರುದಿನ ಬೆಳಿಗ್ಗೆಯೋ ಹಾಕಿ. ಅದಕ್ಕಿಂತ ತಡವಾದರೆ ನಡುವೆ ಮತ್ತೆ ಉಜ್ಜಬೇಕು.

ಒಳಗಿನಿಂದಲೂ ಅಡ್ಡ ತೆಗೆದು, ಉಜ್ಜಿ, ಎರಡು ಪದರ ಸ್ವಲ್ಪ ಅಗಲವಾಗಿ ಹಾಕಿ. ಆಮೇಲೆ ಹೊರಗೆ ಮಟ್ಟ ಮಾಡಿ ಜೆಲ್‌ಕೋಟ್. ಸಾಮಾನ್ಯ ಜೆಲ್‌ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಬಳಿದು ಮೇಲೆ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಗಾಳಿ ಉಳಿಯದ ಹಾಗೆ ಒತ್ತಿ, ಮರುದಿನ ಕಿತ್ತುಬಿಡಿ. ಮೇಣ ಬೆರೆಸಿದ ಜೆಲ್‌ಕೋಟ್ ಸಿಕ್ಕಿದರೆ ಈ ಪ್ಲಾಸ್ಟಿಕ್ ಮುಚ್ಚುವ ಕೆಲಸವೂ ಬೇಡ.

ಪ್ರಶ್ನೆ: ನಮ್ಮ ಯಜಮಾನರು ದೋಣಿಯ ಕೆಲಸ ಮನೆ ಚಾವಡಿಯಲ್ಲೇ ಮಾಡುತ್ತಾರೆ. ಇಡೀ ಮನೆ ವಾಸನೆ, ಮಗುವಿಗೆ ಕೆಮ್ಮು, ಬಟ್ಟೆ ಒಗೆದರೆ ನನಗೆ ಮೈಯೆಲ್ಲ ತುರಿಕೆ. ಕೇಳಿದರೆ ಏನೂ ಆಗುವುದಿಲ್ಲ ಅನ್ನುತ್ತಾರೆ. ನೀವಾದರೂ ಹೇಳಿ.
— ಉಪ್ಪುಂದದ ಓದುಗರು

ಉತ್ತರ: ಅಕ್ಕ, ನಿಮ್ಮ ಮಾತೇ ಸರಿ. ಯಜಮಾನರಿಗೆ ಈ ಪುಟ ಓದಲು ಕೊಡಿ.

ಆ ವಾಸನೆ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ರಾಸಾಯನಿಕದ್ದು. ಮುಚ್ಚಿದ ಜಾಗದಲ್ಲಿ ತಲೆಸುತ್ತು, ಕಣ್ಣುರಿ, ಕೆಮ್ಮು ಎಲ್ಲ ಬರುತ್ತದೆ, ಮೇಲಾಗಿ ಅದು ಬೆಂಕಿ ಹತ್ತುವ ವಸ್ತು. ಒಲೆ, ದೇವರ ದೀಪ, ಬೀಡಿ ಇರುವ ಕಡೆ ಆ ಡಬ್ಬಿ ತೆರೆಯಲೇಬಾರದು. ಕೆಲಸ ಅಂಗಳದಾಚೆ, ಗಾಳಿಯಾಡುವ ಕಡೆ, ಮಕ್ಕಳು ಆಡದ ಜಾಗದಲ್ಲಿ ಆಗಲಿ. ಬಟ್ಟೆಯ ಮಾಸ್ಕ್ ಉಜ್ಜುವಾಗಿನ ಧೂಳಿಗೇ ಸಾಲದು, ರೆಸಿನ್‌ನ ಆವಿಗಂತೂ ಲೆಕ್ಕಕ್ಕೇ ಇಲ್ಲ. ಧೂಳಿಗೆ ಎನ್-95, ಆವಿಗೆ ಇದ್ದಿಲಿನ ಡಬ್ಬಿ ಇರುವ ಮುಖವಾಡ ಬೇಕು.

ಹಾರ್ಡ್ನರ್ ಬಾಟಲಿ ಎಲ್ಲಕ್ಕಿಂತ ಅಪಾಯ. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಹಾಗೇನಾದರೂ ಆದರೆ ಕೂಡಲೇ ಕನಿಷ್ಠ 15 ನಿಮಿಷ ನೀರು ಹರಿಸುತ್ತಾ ತೊಳೆದು ನೇರ ಆಸ್ಪತ್ರೆಗೆ ಹೋಗಿ. ನೀರಿನ ಬಾಟಲಿಯಲ್ಲಿ ತುಂಬಿಸಿಡುವ ಕೆಟ್ಟ ಚಾಳಿ ಕೆಲವರಿಗಿದೆ, ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ.

ತುರಿಕೆ ಗ್ಲಾಸಿನ ಸಣ್ಣ ಎಳೆಗಳಿಂದ. ಅವರ ಕೆಲಸದ ಬಟ್ಟೆ ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ, ಮೊದಲು ಹೊರಗೆ ಕೊಡವಿ ಬೇರೆಯೇ ಒಗೆಯಬೇಕು. ಒಗೆಯುವುದು ಅವರೇ ಆದರೆ ಬೇಗ ಬುದ್ಧಿ ಬರುತ್ತದೆ! ಕೆಲಸ ಮುಗಿಸಿದವರು ಮೊದಲು ತಣ್ಣೀರು ಸುರಿದುಕೊಳ್ಳಬೇಕು, ತಿಕ್ಕಬಾರದು. ಸೀದಾ ಬಿಸಿನೀರಿಗೆ ಇಳಿದು ತಿಕ್ಕಿದರೆ ತುರಿಕೆ ಇನ್ನೂ ಜಾಸ್ತಿ. ಅಸಿಟೋನ್‌ನಲ್ಲಿ ಕೈ ತೊಳೆಯುವುದೂ ಬೇಡ, ಚರ್ಮದ ಎಣ್ಣೆಯೆಲ್ಲ ಹೋಗಿ ಬಿರಿಯುತ್ತದೆ.

ಪ್ರಶ್ನೆ: ಹೋಂಸ್ಟೇ ನಡೆಸುತ್ತೇವೆ. ಪ್ರವಾಸಿಗರನ್ನು ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಸುತ್ತಿಸಲು ಒಂದು ಫೈಬರ್ ಬೋಟ್ ಇದೆ, ವರ್ಷವಿಡೀ ನೀರಿನಲ್ಲೇ ಕಟ್ಟಿರುತ್ತೇವೆ. ಈ ಸಲ ಮೇಲೆ ತಂದಾಗ ಅಡಿಯಲ್ಲಿ ಬಟಾಣಿ ಗಾತ್ರದ ಬೊಕ್ಕೆಗಳು. ಒಂದನ್ನು ಚುಚ್ಚಿದರೆ ಹುಳಿ ವಾಸನೆಯ ನೀರು ಬಂತು. ಬೋಟ್ ಹಾಳಾಯಿತಾ?
— ಹೊನ್ನಾವರದ ಓದುಗರು

ಉತ್ತರ: ಹಾಳಾಗಿಲ್ಲ, ಹೆದರಬೇಡಿ. ಬೋಟ್ ಮುಳುಗಿಸುವ ಕಾಯಿಲೆಯಲ್ಲ ಇದು. ಆದರೆ ಮೇಲೆ ಬಣ್ಣ ಬಳಿದು ಮರೆಸುವ ಕಾಯಿಲೆಯೂ ಅಲ್ಲ.

ಜೆಲ್‌ಕೋಟ್ ನೀರನ್ನು ಪೂರ್ತಿ ತಡೆಯುವುದಿಲ್ಲ, ತೀರ ನಿಧಾನವಾಗಿ ಒಳಗೆ ಬಿಡುತ್ತದೆ. ಒಳಗೆ ಸರಿಯಾಗಿ ಗಟ್ಟಿಯಾಗದ ರೆಸಿನ್‌ನ ಅಂಶಗಳು ಆ ನೀರಿನಲ್ಲಿ ಕರಗಿ ಹುಳಿ ದ್ರವವಾಗುತ್ತವೆ. ಆ ದ್ರವ ಹೊರಗಿನ ನೀರನ್ನು ಇನ್ನಷ್ಟು ಎಳೆಯುತ್ತದೆ, ಒತ್ತಡ ಏರಿ ಜೆಲ್‌ಕೋಟ್ ಉಬ್ಬುತ್ತದೆ. ಹೊರಗಿನ ನೀರು ಸಿಹಿಯಾದಷ್ಟೂ, ಬೆಚ್ಚಗಿದ್ದಷ್ಟೂ ಈ ಎಳೆತ ಜಾಸ್ತಿ. ನಿಮ್ಮಲ್ಲಿ ಮಳೆಗಾಲ ಪೂರ್ತಿ ಹೊಳೆಯ ಸಿಹಿನೀರು ಬರುತ್ತದೆ, ಬೋಟ್ ಒಂದು ದಿನವೂ ಮೇಲೆ ಬರುವುದಿಲ್ಲ. ದಿನಾ ದಡಕ್ಕೆಳೆಯುವ ಮೀನುಗಾರರ ದೋಣಿಗೆ ಈ ಬೊಕ್ಕೆ ಅಪರೂಪ, ಯಾಕೆಂದರೆ ಅದು ದಿನಾ ಒಣಗುತ್ತದಲ್ಲ.

ಇಪ್ಪತ್ತು-ಮೂವತ್ತು ಬೊಕ್ಕೆ ಇದ್ದರೆ ಮನೆಯಲ್ಲೇ ಮಾಡಿ. ಕನ್ನಡಕ ಹಾಕಿಕೊಳ್ಳಿ, ಚುಚ್ಚಿದಾಗ ಆ ಹುಳಿ ನೀರು ಚಿಮ್ಮುತ್ತದೆ. ಒಂದೊಂದನ್ನೂ ಬಟ್ಟಲಿನಂತೆ ಅಗಲವಾಗಿ ಉಜ್ಜಿ ತೆರೆಯಿರಿ. ಸಿಹಿನೀರಿನಿಂದ ಹಲವು ದಿನ ತೊಳೆಯಿರಿ, ಹುಳಿ ಪೂರ್ತಿ ಹೋಗಬೇಕು. ಆಮೇಲೆ ಒಣಗಿಸುವುದು, ಇದು ವಾರಗಳ ಮಾತು, ಕೆಲವೊಮ್ಮೆ ತಿಂಗಳುಗಳು. ನೀವು ಹೊನ್ನಾವರದವರಾದ್ದರಿಂದ ಜನವರಿಯಿಂದ ಮಾರ್ಚ್ ಒಳ್ಳೆ ಸಮಯ, ಆದರೆ ಪ್ರವಾಸಿಗರ ಸೀಸನ್ ಕೂಡ ಅದೇ, ಅದು ನಿಮ್ಮ ಕಷ್ಟ. ಒಣಗಿದ ಮೇಲೆ ಗುಳಿಗಳನ್ನು ಮಂದ ಮಾಡಿದ ಎಪಾಕ್ಸಿಯಿಂದ (ಇನ್ನೊಂದು ಜಾತಿಯ ರೆಸಿನ್) ತುಂಬಿ, ಪೂರ್ತಿ ಅಡಿಗೆ ಎಪಾಕ್ಸಿಯನ್ನೇ ಐದಾರು ಕೈ ಬಳಿಯಿರಿ. ಪಾಲಿಯೆಸ್ಟರ್ ಬೇಡ ಇಲ್ಲಿ. ಎಪಾಕ್ಸಿಯ ಒಳಗೆ ನೀರು ಇಳಿಯುವುದು ಬಹಳ ಕಡಿಮೆ.

ನೂರಾರು ಬೊಕ್ಕೆ ಇದ್ದರೆ ಜೆಲ್‌ಕೋಟ್ ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ. ಅದನ್ನು ದೋಣಿ ಕಟ್ಟುವ ಯಾರ್ಡಿಗೆ ಕೊಡಿ.

ಪ್ರಶ್ನೆ: ಎಪಾಕ್ಸಿಯೇ ಅಷ್ಟು ಒಳ್ಳೆಯದಾದರೆ ಎಲ್ಲದಕ್ಕೂ ಅದನ್ನೇ ಯಾಕೆ ಬಳಸಬಾರದು?
— ಮಲ್ಪೆಯ ಓದುಗರು

ಉತ್ತರ: ಬಳಸಬಹುದು. ಹಳೇ ಫೈಬರ್‌ಗೆ ಅದು ಪಾಲಿಯೆಸ್ಟರ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಬೆಲೆ ಜಾಸ್ತಿ. ಇನ್ನೊಂದು ತೊಡಕು ಏನೆಂದರೆ, ಒಮ್ಮೆ ಎಪಾಕ್ಸಿ ಹಾಕಿದ ಜಾಗದ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಮುಂದಿನ ರಿಪೇರಿಗಳಿಗೂ ಎಪಾಕ್ಸಿಯೇ ಗತಿ, ಮೇಲೆ ಜೆಲ್‌ಕೋಟ್ ಬದಲು ಎಪಾಕ್ಸಿ ಅಥವಾ ಪಾಲಿಯುರೆಥೇನ್ ಬಣ್ಣ ಬಳಿಯಬೇಕು.

ಮ್ಯಾಟ್ ವಿಷಯದಲ್ಲೂ ಜಾಗ್ರತೆ. ಚಾಪ್ಡ್ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಆಗ ಮ್ಯಾಟ್ ಮೆತ್ತಗಾಗಿ ಬಾಗಿಗೆ ಕೂರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಎಪಾಕ್ಸಿಗೆ ನೇಯ್ದ ಗ್ಲಾಸ್ ಬಟ್ಟೆಯನ್ನೇ ತನ್ನಿ. ಮತ್ತೆ ಎಪಾಕ್ಸಿಯ ಹಾರ್ಡ್ನರ್ ಅಳತೆ ಡಬ್ಬಿಯ ಮೇಲೆ ಏನಿದೆಯೋ ಅದೇ. ಬೇಗ ಗಟ್ಟಿಯಾಗಲಿ ಅಂತ ನಾಲ್ಕು ಹನಿ ಜಾಸ್ತಿ ಹಾಕುವ ಪಾಲಿಯೆಸ್ಟರ್ ಬುದ್ಧಿ ಇಲ್ಲಿ ನಡೆಯುವುದಿಲ್ಲ, ಯಾವತ್ತೂ ಗಟ್ಟಿಯಾಗದ ಅಂಟು ನಿಮ್ಮ ಕೈಗೆ ಸಿಗುತ್ತದೆ.

ನನ್ನನ್ನು ಕೇಳಿದರೆ ದೊಡ್ಡ ತೂತಿಗೆ, ದಿನಾ ದುಡಿಯುವ ದೋಣಿಗೆ ಐಸೋ ಪಾಲಿಯೆಸ್ಟರ್ ಸಾಕು, ಇಳಿಜಾರು ಸರಿ ಮಾಡಿ. ಸಣ್ಣದಾದರೂ ಆಳವಾದ ಬಿರುಕು, ಬೊಕ್ಕೆ, ಮರ ಸೇರುವ ಜಾಗ, ಇವಕ್ಕೆ ಎಪಾಕ್ಸಿ.

ಪ್ರಶ್ನೆ: ಕಾರಿಗೆ ಹಾಕುವ ಪುಟ್ಟಿ ಹಾಕಿ ಮೇಲೆ ಬಣ್ಣ ಬಳಿದರೆ ಆಗುವುದಿಲ್ಲವೇ? ನಮ್ಮೂರ ಗ್ಯಾರೇಜಿನವರು ಆಗುತ್ತದೆ ಅಂತಾರೆ.
— ಅಂಕೋಲೆಯ ಓದುಗರು

ಉತ್ತರ: ನೀರಿನ ಮಟ್ಟದ ಮೇಲಿನ ಗೀರಿಗೆ ಆಗುತ್ತದೆ. ಅಡಿಗೆ ಆಗುವುದಿಲ್ಲ. ಆ ಪುಟ್ಟಿಯಲ್ಲಿ ಪೌಡರ್ ಜಾಸ್ತಿ, ನೀರು ಹೀರುತ್ತದೆ, ಉಬ್ಬಿ ಒಂದು ದಿನ ಚಕ್ಕೆಯಾಗಿ ಬೀಳುತ್ತದೆ. ಗ್ಯಾರೇಜಿನವರ ಕಾರು ನೀರಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಪ್ರಶ್ನೆ: ದೋಣಿಯನ್ನು ದಿನಾ ಮರಳ ಮೇಲೆ ಎಳೆದು ಎಳೆದು ಅಡಿಯ ನಡುಬೆನ್ನು ಸವೆದು ಎಳೆ ಕಾಣುತ್ತಿದೆ. ಇನ್ನೂ ಸೋರುತ್ತಿಲ್ಲ. ಈಗಲೇ ಮಾಡಿಸಬೇಕಾ?
— ಮರವಂತೆಯ ಓದುಗರು

ಉತ್ತರ: ಈಗಲೇ. ಸೋರಲು ಶುರುವಾದ ಮೇಲೆ ಕೆಲಸ ಎರಡು ಪಟ್ಟು. ಎಳೆ ಕಂಡಿತು ಅಂದರೆ ಆ ಎಳೆಯ ಉದ್ದಕ್ಕೂ ನೀರು ಒಳಗೆ ಹರಿಯುತ್ತದೆ, ನೀವು ತೇವ ಕಾಣುವ ಜಾಗ ಒಂದು, ನೀರು ಒಳಗೆ ಹೊಕ್ಕಿದ ಜಾಗ ಮತ್ತೊಂದಾಗುತ್ತದೆ.

ಇಲ್ಲಿ ತೂತು ಇಲ್ಲದ್ದರಿಂದ ಕೆಲಸ ಸುಲಭ. ತೊಳೆದು, ಒಣಗಿಸಿ, ಸವೆದ ಗೆರೆಯ ಎರಡೂ ಕಡೆ ಒಂದೊಂದು ಗೇಣು ಜೆಲ್‌ಕೋಟ್ ತೆಗೆದು, ಮ್ಯಾಟ್ ಒಂದು ಪದರ, ರೋವಿಂಗ್ (ದಪ್ಪ ಎಳೆಗಳಿಂದ ನೇಯ್ದ ಗ್ಲಾಸ್ ಬಟ್ಟೆ) ಒಂದು ಪದರ, ಮತ್ತೆ ಮ್ಯಾಟ್ ಹಾಕಿ. ಒಂದೊಂದು ಪದರದ ಅಂಚೂ ಸ್ವಲ್ಪ ಸ್ವಲ್ಪ ಒಳಗೆ ನಿಲ್ಲಲಿ, ಎಲ್ಲ ಅಂಚು ಒಂದೇ ಕಡೆ ಬಂದರೆ ಅಲ್ಲೇ ಬಿರುಕು. ರೋವಿಂಗ್ ಮೇಲೆ ರೋವಿಂಗ್ ನೇರವಾಗಿ ಹಾಕಬೇಡಿ, ನಡುವೆ ಮ್ಯಾಟ್ ಇದ್ದರೇ ಹಿಡಿತ.

ಮೇಲೆ ಸವೆಯುವುದಕ್ಕೆಂದೇ ಒಂದು ಪಟ್ಟಿ ಕೂರಿಸಿ. ಗಟ್ಟಿ ಎಚ್‌ಡಿಪಿಇ ಪೈಪನ್ನು ಉದ್ದಕ್ಕೆ ಸೀಳಿ ಹಾಕಬಹುದು. ಅದಕ್ಕೆ ರೆಸಿನ್ ಅಂಟುವುದಿಲ್ಲ, ಸ್ಟೀಲ್ ಸ್ಕ್ರೂ ಬೇಕು. ಸ್ಕ್ರೂ ಹೋಗುವ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸ್ಕ್ರೂವಿಗೆ ಸಣ್ಣ ತೂತು ಕೊರೆಯಿರಿ. ಹಾಗೆ ಮಾಡಿದರೆ ಮುಂದೆ ಸ್ಕ್ರೂ ಸಡಿಲವಾದರೂ ನೀರು ಪದರದೊಳಗೆ ಇಳಿಯುವುದಿಲ್ಲ. ದಡದಲ್ಲಿ ನಾಲ್ಕು ಪಿವಿಸಿ ಪೈಪ್ ತುಂಡು ಇಟ್ಟುಕೊಂಡು ಅದರ ಮೇಲೆ ದೋಣಿ ಉರುಳಿಸಿದರೆ ಈ ಪಟ್ಟಿಯೂ ವರ್ಷಗಟ್ಟಲೆ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಹಳೇ ಮರದ ಪಾತಿ ದೋಣಿ ಇದೆ. ಅದರ ಹೊರಮೈಗೆ ಫೈಬರ್ ಹೊದೆಸಬಹುದಾ?
— ಕುಮಟಾದ ಓದುಗರು

ಉತ್ತರ: ಹೊದೆಸಬಹುದು, ಹಳೇ ವಿದ್ಯೆಯೇ ಇದು. 1957ರಲ್ಲಿ ಶುರುವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮರದ ದೋಣಿಗೆ ಫೈಬರ್ ಹೊದಿಕೆ ಹಾಕುವ ಕೆಲಸ ಮಾಡಿದ್ದಾರೆ. ಮರ ಕೊರೆಯುವ ಕಡಲಹುಳುವಿಗೆ ಫೈಬರ್ ರುಚಿಸುವುದಿಲ್ಲ.

ಮರ ಪೂರ್ತಿ ಒಣಗಿರಬೇಕು ಅನ್ನುವುದೊಂದೇ ಷರತ್ತು, ಅದೇ ಕಷ್ಟದ್ದು. ಒದ್ದೆ ಮರಕ್ಕೆ ಹೊದೆಸಿದರೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಮರ ಕೊಳೆಯುತ್ತದೆ, ಹೊರಗಿನಿಂದ ದೋಣಿ ಹೊಸತರಂತೆ ಕಾಣುತ್ತಿರುತ್ತದೆ. ಮರಕ್ಕೆ ಪಾಲಿಯೆಸ್ಟರ್ ಬಹಳ ದಿನ ಹಿಡಿಯುವುದಿಲ್ಲ, ಎಪಾಕ್ಸಿ ಬಳಸಿ. ಈಗಾಗಲೇ ಮೆತ್ತಗಾದ ಹಲಗೆ ಇದ್ದರೆ ಮೊದಲು ಹಲಗೆ ಬದಲಿಸಿ.

ಪ್ರಶ್ನೆ: ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ನಮ್ಮ ಫೈಬರ್ ಹರಿಗೋಲಿನ ತಳದಲ್ಲಿ ಜೇಡರಬಲೆಯಂತೆ ಸಣ್ಣ ಬಿರುಕುಗಳಿವೆ. ಡಾಂಬರು ಬಳಿಯೋಣ ಅಂತಿದೀವಿ.
— ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ಬಿದಿರಿನ ಹರಿಗೋಲಿಗೆ ಡಾಂಬರು ಸರಿ, ಫೈಬರ್‌ಗೆ ಬೇಡ. ಒಮ್ಮೆ ಬಳಿದರೆ ಆಮೇಲೆ ಆ ಜಾಗಕ್ಕೆ ರೆಸಿನ್ ಅಂಟಿಸುವುದು ದೊಡ್ಡ ರಗಳೆ.

ಒಂದು ಬಿರುಕನ್ನು ಮೂಲೆ ಚೂಪಾದ ಉಳಿಯಿಂದ ಸ್ವಲ್ಪ ಬಿಡಿಸಿ ನೋಡಿ. ಬಿರುಕು ಮೇಲಿನ ಜೆಲ್‌ಕೋಟ್‌ನಲ್ಲಿ ಮಾತ್ರ ಇದ್ದರೆ, ಅಂದರೆ ಒಳಗಿನ ಎಳೆ ಹಾಗೇ ಇದ್ದರೆ, ಬಿರುಕನ್ನು ಅಗಲಿಸಿ ಜೆಲ್‌ಕೋಟ್ ತುಂಬಿದರೆ ಮುಗಿಯಿತು. ಎಳೆಯವರೆಗೂ ಇಳಿದಿದ್ದರೆ ಗಂಗೊಳ್ಳಿಯವರಿಗೆ ಹೇಳಿದ ಪಾಠವೇ ನಿಮಗೂ. ಹರಿಗೋಲಿನ ತಳ ತೆಳು, ನಡುವೆ ನಿಂತು ಬಲೆ ಎಳೆಯುವಾಗ ಕುಣಿಯುತ್ತದೆ, ಆ ಕುಣಿತದಿಂದಲೇ ಬಿರುಕು ಬರುವುದು. ಒಳಗಡೆಯಿಂದ ಎರಡು ಪದರ ಮ್ಯಾಟ್ ಹಾಕಿ ತಳ ದಪ್ಪ ಮಾಡಿ, ಇಲ್ಲದಿದ್ದರೆ ತುಂಬಿದ ಬಿರುಕು ಮತ್ತೆ ತೆರೆಯುತ್ತದೆ. ನಿಮ್ಮ ಕಡೆ ಬೇಸಿಗೆ ಬಿಸಿಲು ಬಲು ಜೋರು, ಮಧ್ಯಾಹ್ನ ಬಿಸಿಲಲ್ಲಿ ರೆಸಿನ್ ಕಲಸಬೇಡಿ, ಡಬ್ಬಿಯಲ್ಲೇ ಹೊಗೆಯಾಡುತ್ತದೆ.

ಪ್ರಶ್ನೆ: ಅಡಿಗೆ ಚಿಪ್ಪು ಅಂಟದ ಹಾಗೆ ಬಳಿಯುವ ಬಣ್ಣ ಬೇಕೇ ಬೇಕಾ?
— ಕಾರವಾರದ ಓದುಗರು

ಉತ್ತರ: ದಿನಾ ಮೇಲೆಳೆಯುವ ದೋಣಿಗೆ ಸುಮ್ನೆ ದುಡ್ಡು ದಂಡ. ನೀರಿನಲ್ಲೇ ಇರುವ ದೋಣಿಗೆ ಬೇಕು, ಚಿಪ್ಪು ಕಟ್ಟಿದ ಅಡಿ ಎಂಜಿನ್‌ನ ಎಣ್ಣೆ ಕುಡಿಯುತ್ತದೆ. ತಾಮ್ರ ಇರುವ ಬಣ್ಣ ತನ್ನಿ, ಆದರೆ ಔಟ್‌ಬೋರ್ಡ್‌ನ ಅಲ್ಯೂಮಿನಿಯಂ ಕಾಲಿಗೆ ಅದನ್ನು ಬಳಿಯಬೇಡಿ, ಲೋಹ ತಿಂದುಹೋಗುತ್ತದೆ. ತವರದ ಅಂಶವಿದ್ದ ಹಳೇ ನಮೂನೆಯ ಬಣ್ಣಗಳಿಗೆ 2008ರಿಂದ ಅಂತರರಾಷ್ಟ್ರೀಯ ನಿಷೇಧ ಇದೆ, ಯಾರಾದರೂ ಹಳೇ ಸ್ಟಾಕ್ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ. ಕಲ್ವದಂಥ ಚಿಪ್ಪುಜೀವಿಗಳನ್ನೂ ಕೊಲ್ಲುವ ವಿಷ ಅದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ನೋಡಿದ್ದೇನೆ, ಬೆಲೆ ಕಡಿಮೆ. ಅಡಿಯಲ್ಲಿ ಏನೇನು ನೋಡಬೇಕು?
— ಬ್ರಹ್ಮಾವರದ ಓದುಗರು

ಉತ್ತರ: ಮೊದಲು ಎಂಜಿನ್ ಕೂರುವ ಹಿಂದಿನ ಹಲಗೆ. ಫೈಬರ್‌ನ ಒಳಗೆ ಅಲ್ಲಿ ಹೆಚ್ಚಾಗಿ ಪ್ಲೈವುಡ್ ಇರುತ್ತದೆ, ಬೋಲ್ಟ್ ತೂತಿನಿಂದ ನೀರಿಳಿದು ಕೊಳೆತಿರುತ್ತದೆ. ಎಂಜಿನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆಯೂ ಜೊತೆಗೆ ಬಾಗಿದರೆ ಆ ದೋಣಿ ಬಿಟ್ಟುಬಿಡಿ. ಅದು ಮನೆಯಂಗಳದ ರಿಪೇರಿಯಲ್ಲ. ಅಡಿಯ ಉದ್ದಕ್ಕೂ ಒಳಗೆ ಹೋಗುವ ಆಧಾರದ ಪಟ್ಟಿಗಳು ಬಿಟ್ಟುಕೊಂಡಿದ್ದರೂ ಅಷ್ಟೇ.

ದೋಣಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ನಾಲ್ಕೈದು ಕೊಡ ನೀರು ಸುರಿಸಿ, ಅರ್ಧ ಗಂಟೆ ಬಿಟ್ಟು ಕೆಳಗಿನಿಂದ ನೋಡಿ, ಸೋರುವ ಜಾಗ ಅದೇ ತೋರಿಸುತ್ತದೆ. ತುಂಬಿಸಬೇಡಿ, ಒಳಗಿನ ನೀರಿನ ಭಾರ ಹೊರಲು ಆ ಅಡಿ ಮಾಡಿದ್ದಲ್ಲ. ಎರಡು ತಳದ ನಡುವೆ ಫೋಮ್ ತುಂಬಿದ ದೋಣಿಯಾದರೆ ಇದರಿಂದ ಗೊತ್ತಾಗುವುದಿಲ್ಲ, ಒಂದು ಸಣ್ಣ ತೂತು ಕೊರೆಯಲು ಒಪ್ಪಿಗೆ ಕೇಳಿ. ನೀರು ಬಂದರೆ ಫೋಮ್ ಕುಡಿದಿದೆ, ದೋಣಿ ಇರಬೇಕಾದ್ದಕ್ಕಿಂತ ಎಷ್ಟೋ ಭಾರವಾಗಿರುತ್ತದೆ.

ಮಾರುವವರು ಹೊಸದಾಗಿ ಅಡಿಗೆ ಬಣ್ಣ ಬಳಿದಿದ್ದರೆ ಒಂದೆರಡು ಕಡೆ ಕೆರೆದು ನೋಡಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಬೆಲೆ ಮಾತಾಡುವುದೇ ಬೇಡ.